ಹೂಳು ತುಂಬದ ಕೆರೆ

ಯಲಹಂಕದ ಮಗ್ಗುಲಿನ ಪುಟ್ಟೇನಹಳ್ಳಿಯಲ್ಲಿ, ನಮ್ಮ ಬೀದಿಯ ಮನೆಯೊಂದರಲ್ಲಿ ಒಂಬತ್ತನೇ ತರಗತಿಯ ಹುಡುಗನೊಬ್ಬ ಕೆರೆ ಕಟ್ಟಿದ್ದಾನೆ. ಕಂಪ್ಯೂಟರ್ ಪರದೆಯ ಮೇಲೆ. ಏರಿ, ತೂಬು, ಕೋಡಿ, ಏರಿಯ ತುದಿಗೊಂದು ಪುಟ್ಟ ಗುಡಿ, ನೀರಿನ ನಡುವೆ ಹಕ್ಕಿ ಕೂರಲು ಎರಡು ಒಣ ಮರ ಎಲ್ಲವೂ ಇವೆ. ಒಂದು ಭಾನುವಾರ ಅದನ್ನು ನನಗೆ ತೋರಿಸುತ್ತಿದ್ದಾಗ ಹಿಂದೆ ಕುರ್ಚಿಯಲ್ಲಿ ಕುಳಿತಿದ್ದ ಅವನ ತಾತ ಎದ್ದು ಬಂದು ಕನ್ನಡಕ ಏರಿಸಿ ನೋಡಿದರು.

"ಏನ್ಲಾ ಇದು, ಕೆರೆನಾ?"

"ಹೂಂ ತಾತ. ನಮ್ಮೂರ ಕೆರೆ."

"ಕಟ್ಟಿ ಎಷ್ಟು ದಿನ ಆಯ್ತು?"

"ಎರಡು ವರ್ಷ ಆಯ್ತು."

"ಎರಡು ವರ್ಷಕ್ಕೆ ಒಂದು ಬುಟ್ಟಿ ಹೂಳು ಬಿದ್ದಿಲ್ಲ. ಏರಿ ಮೇಲೆ ಒಂದು ಜಾಲಿ ಗಿಡ ಹುಟ್ಟಿಲ್ಲ. ಒಂದು ಇಲಿ ಬಿಲ ಇಲ್ಲ. ಇದೆಂಥ ಕೆರೆನೋ?"

ಹುಡುಗ ನಕ್ಕ. ಆದರೆ ಆ ಪ್ರಶ್ನೆ ಅವನನ್ನು ಬಿಡಲಿಲ್ಲ. ಎರಡು ದಿನ ಬಿಟ್ಟು ಗೇಟಿನ ಬಳಿ ಸಿಕ್ಕಿ, "ಅಣ್ಣ, ಆಟದಲ್ಲಿ ಕಟ್ಟಿದ್ದು ಹಳೆಯದಾಗುವ ಹಾಗೆ ಮಾಡೋಕೆ ಆಗಲ್ವಾ?" ಎಂದು ಕೇಳಿದ. ಪತ್ರಿಕೆಯಲ್ಲಿರುವವರಿಗೆ ಎಲ್ಲವೂ ಗೊತ್ತಿರುತ್ತದೆ ಎಂಬ ನಂಬಿಕೆ ಅವನದು. ಆ ನಂಬಿಕೆ ಉಳಿಸಿಕೊಳ್ಳಲು ನಾನು ಹುಡುಕಾಟಕ್ಕಿಳಿದೆ. ಪ್ರಶ್ನೆ ಮಕ್ಕಳ ಆಟದ್ದಾದರೂ ಉತ್ತರ ನಮ್ಮ ನಾಡಿನ ಶಾಸನಗಳವರೆಗೂ ಎಳೆದುಕೊಂಡು ಹೋಯಿತು.

ಮೊದಲು ಆಟದ ವಿಚಾರ. ಮೈನ್‌ಕ್ರಾಫ್ಟ್ ಎಂಬ ಈ ಆಟವನ್ನು ಸ್ವೀಡನ್ನಿನ ಮಾರ್ಕಸ್ ಪರ್ಸನ್ ಎಂಬಾತ 2009ರಲ್ಲಿ ಜನರ ಮುಂದಿಟ್ಟ. 2011ರ ನವೆಂಬರಿನಲ್ಲಿ ಅದರ ಪೂರ್ಣರೂಪ ಬಂತು. 2014ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ 250 ಕೋಟಿ ಡಾಲರ್ ಕೊಟ್ಟು ಆಟವನ್ನೂ ಅದನ್ನು ತಯಾರಿಸುತ್ತಿದ್ದ ಕಂಪನಿಯನ್ನೂ ಕೊಂಡುಕೊಂಡಿತು. 2023ರ ಹೊತ್ತಿಗೆ ಮಾರಾಟವಾದ ಪ್ರತಿಗಳು 30 ಕೋಟಿ ದಾಟಿದ್ದವು. ಆಟದ ಲೋಕವೆಲ್ಲ ಒಂದು ಮೀಟರ್ ಉದ್ದ, ಅಗಲ, ಎತ್ತರದ ಇಟ್ಟಿಗೆಗಳಿಂದ ಆದದ್ದು. ಅಗೆಯಬಹುದು, ಒಡೆಯಬಹುದು, ಬೇಕಾದಲ್ಲಿ ಜೋಡಿಸಬಹುದು. ಗೆಲ್ಲಲೇಬೇಕೆಂಬ ಕಟ್ಟುಪಾಡಿಲ್ಲ. ಮರಳಿನಲ್ಲಿ ಮನೆ ಕಟ್ಟುವ ಮಕ್ಕಳ ಹಾಗೆ ತೋಚಿದ್ದನ್ನು ಕಟ್ಟುತ್ತಾ ಹೋಗುವುದೇ ಆಟ. ಮರಳಿನ ಮನೆ ಸಂಜೆಯೊಳಗೆ ಕುಸಿಯುತ್ತದೆ, ಇದು ಕುಸಿಯುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.

ಇದರೊಳಗಿನ ಪ್ರಕೃತಿ ನಿಯಮಗಳು ಬೆಂಗಳೂರಿನವರ ಹೊಟ್ಟೆ ಉರಿಸುವಂಥವು. ಎರಡು ಮೀಟರ್ ಚೌಕದ ಗುಂಡಿ ತೋಡಿ ಎದುರುಬದುರು ಮೂಲೆಗಳಿಗೆ ಎರಡು ಬಕೆಟ್ ನೀರು ಸುರಿದರೆ ಸಾಕು, ಅದು ಎಂದೂ ಬತ್ತದ ಬಾವಿ. ಟ್ಯಾಂಕರಿಗೆ ಫೋನ್ ಮಾಡುವ ಕೆಲಸವಿಲ್ಲ. ಮರದ ಬುಡ ಕಡಿದರೂ ಮೇಲಿನ ಕಾಂಡ ಗಾಳಿಯಲ್ಲಿ ನಿಂತೇ ಇರುತ್ತದೆ. ಕೆರೆಯ ಏರಿ ಒಡೆದರೂ ಕೆರೆ ಖಾಲಿಯಾಗುವುದಿಲ್ಲ. ಒಂದು ಹಗಲು ಒಂದು ರಾತ್ರಿ ಸೇರಿ ಇಪ್ಪತ್ತು ನಿಮಿಷ. ದಿನಕ್ಕೊಂದು ಗಂಟೆ ಆಡುವ ಹುಡುಗನಿಗೆ ನಮ್ಮ ಒಂದು ವರ್ಷದಲ್ಲಿ ಅಲ್ಲಿ ಮೂರು ವರ್ಷ ಕಳೆಯುತ್ತದೆ. ಒಬ್ಬನೇ ಆಡುತ್ತಿದ್ದರೆ, ಆಟ ಮುಚ್ಚಿದ ಕೂಡಲೇ ಕಾಲವೂ ನಿಲ್ಲುತ್ತದೆ.

ಹಾಗೆಂದು ಸವೆತ ಅಲ್ಲಿ ಪೂರ್ತಿ ಇಲ್ಲವೆಂದಲ್ಲ. ಕಾಂಡ ಕಡಿದ ಮರದ ಎಲೆಗಳು ಸ್ವಲ್ಪ ಹೊತ್ತಿನಲ್ಲಿ ಒಂದೊಂದಾಗಿ ಮಾಯವಾಗುತ್ತವೆ. 2021ರಲ್ಲಿ ತಾಮ್ರದ ಇಟ್ಟಿಗೆಯನ್ನು ಸೇರಿಸಿದಾಗ ಅದಕ್ಕೆ ಕಿಲುಬು ಹಿಡಿಯುವ ಗುಣವನ್ನೂ ಕೊಟ್ಟರು. ಹೊಳೆಯುವ ಕೆಂಪು ಬಣ್ಣದ ತಾಮ್ರ ನಾಲ್ಕು ಹಂತಗಳಲ್ಲಿ ಹಸಿರಾಗುತ್ತದೆ. ಜೇನುಮೇಣ ಸವರಿದರೆ ಇದ್ದ ಹಂತದಲ್ಲಿಯೇ ನಿಲ್ಲುತ್ತದೆ, ಕೊಡಲಿಯಿಂದ ಕೆರೆದರೆ ಒಂದು ಹಂತ ಹಿಂದಕ್ಕೆ ಬರುತ್ತದೆ. ಹುಣಸೆಹಣ್ಣು ಹಾಕಿ ತಾಮ್ರದ ಬಿಂದಿಗೆ ತಿಕ್ಕಿದವರಿಗೆ ಇದೇನೂ ಹೊಸದಲ್ಲ. ಒಂದು ವ್ಯತ್ಯಾಸವಿದೆ. ಕಿಲುಬು ಹಿಡಿದ ಪಾತ್ರೆಯಲ್ಲಿ ಹುಳಿ ಅಡುಗೆ ಮಾಡಿದರೆ ಅದು ವಿಷ. ಅದಕ್ಕೇ ಕಲಾಯಿ ಹಾಕುವವರು ಬೀದಿಗೆ ಬರುತ್ತಿದ್ದರು. ಆಟದ ಕಿಲುಬಿನಿಂದ ಯಾರಿಗೂ ಏನೂ ಆಗುವುದಿಲ್ಲ. ಹಸಿರು ಬಣ್ಣ ಚೆಂದವೆಂದು ಜನ ಬೇಕೆಂದೇ ಕಾಯುತ್ತಾರೆ. ಅದು ಸವೆತವಲ್ಲ, ಬಣ್ಣ.

ಕಂಪ್ಯೂಟರಿಗೆ ಇದನ್ನು ಮಾಡಿಸುವ ಬಗೆ ಕುತೂಹಲಕರ. ಕೋಟ್ಯಂತರ ಇಟ್ಟಿಗೆಗಳಲ್ಲಿ ಪ್ರತಿಯೊಂದರ ವಯಸ್ಸನ್ನೂ ಲೆಕ್ಕವಿಡಲು ಹೋದರೆ ಯಂತ್ರ ಸುಸ್ತಾಗುತ್ತದೆ. ಆದ್ದರಿಂದ ಆಟ ಒಂದು ಬಗೆಯ ಲಾಟರಿ ನಡೆಸುತ್ತದೆ. ಆಟಗಾರನ ಸುತ್ತಮುತ್ತಲ ಪ್ರದೇಶವನ್ನು 4,096 ಇಟ್ಟಿಗೆಗಳ ಗುಂಪುಗಳಾಗಿ ವಿಂಗಡಿಸಿ, ಸೆಕೆಂಡಿಗೆ ಇಪ್ಪತ್ತು ಬಾರಿ, ಪ್ರತಿ ಗುಂಪಿನಿಂದ ಮೂರನ್ನು ಕಣ್ಣುಮುಚ್ಚಿ ಆರಿಸುತ್ತದೆ. ಆರಿಸಿದ್ದು ಬದಲಾಗಬಲ್ಲ ವಸ್ತುವಾಗಿದ್ದರೆ ಅದಕ್ಕೆ ಬದಲಾಗುವ ಅವಕಾಶ. ಪೈರು ಬೆಳೆಯುವುದು, ಹುಲ್ಲು ಹಬ್ಬುವುದು, ತಾಮ್ರ ಹಸಿರಾಗುವುದು ಎಲ್ಲವೂ ಈ ಲಾಟರಿಯಿಂದಲೇ. ಆಟಗಾರ ದೂರ ಹೋದರೆ ಆ ಪ್ರದೇಶದಲ್ಲಿ ಲಾಟರಿಯೂ ನಿಲ್ಲುತ್ತದೆ. ಅಂದರೆ ನೋಡುವವರಿಲ್ಲದ ಕಡೆ ಏನೂ ಹಳೆಯದಾಗುವುದಿಲ್ಲ. ನಮ್ಮ ಲೋಕದಲ್ಲಿ ಇದಕ್ಕೆ ತದ್ವಿರುದ್ಧ. ಬೀಗ ಹಾಕಿದ ಮನೆಯೇ ಬೇಗ ಬೀಳುವುದು.

ಬಾಗಿಲು ತೆರೆದರೆ ಹೊಸ ಮನೆ

ಹಳೆಯದಾಗುವ ಕಟ್ಟಡಗಳನ್ನು ಆಟದೊಳಗೆ ತರುವ ಪ್ರಯತ್ನ ಮೈನ್‌ಕ್ರಾಫ್ಟ್‌ಗಿಂತ ಬಹಳ ಹಿಂದಿನದು. ಅಮೆರಿಕದ ವಿಲ್ ರೈಟ್ 1989ರಲ್ಲಿ ಸಿಮ್‌ಸಿಟಿ ಎಂಬ ನಗರ ಕಟ್ಟುವ ಆಟವನ್ನು ಹೊರತಂದ. ಅದಕ್ಕೆ ಮೊದಲು ಅವನು ಮಾಡಿದ್ದು ದ್ವೀಪಗಳ ಮೇಲೆ ಬಾಂಬು ಹಾಕುವ ಆಟ. ಬಾಂಬು ಹಾಕುವುದಕ್ಕಿಂತ ದ್ವೀಪಗಳನ್ನು ನಿರ್ಮಿಸುವುದರಲ್ಲೇ ಹೆಚ್ಚು ಖುಷಿ ಸಿಕ್ಕಿದ್ದರಿಂದ ಸಿಮ್‌ಸಿಟಿ ಹುಟ್ಟಿತು. ಅದರಲ್ಲಿ ಆಟಗಾರ ನಗರದ ಮೇಯರ್. ವರ್ಷಕ್ಕೊಮ್ಮೆ ಬಜೆಟ್ ಮಂಡಿಸಬೇಕು. ರಸ್ತೆಯ ಬಾಬ್ತಿನಲ್ಲಿ ಹಣ ಕಡಿತ ಮಾಡಿದರೆ ಅಲ್ಲಲ್ಲಿ ರಸ್ತೆ ಕಿತ್ತುಹೋಗಿ ಸಂಚಾರ ಕಡಿದುಬೀಳುತ್ತದೆ. 1993ರ ಸಿಮ್‌ಸಿಟಿ 2000ದಲ್ಲಿ ವಿದ್ಯುತ್ ಸ್ಥಾವರಗಳ ಆಯುಷ್ಯ ಐವತ್ತು ವರ್ಷ. 1998ರಲ್ಲಿ ಬಂದ ಸೀಸರ್ 3 ಎಂಬ ರೋಮನ್ ನಗರದ ಆಟದಲ್ಲಿ ಎಂಜಿನಿಯರುಗಳು ಬೀದಿ ಸುತ್ತದಿದ್ದರೆ ಕಟ್ಟಡಗಳು ಕುಸಿಯುತ್ತವೆ. ಬೀದಿಯಲ್ಲಿ ಒಬ್ಬ ಎಂಜಿನಿಯರ್ ನಡೆದುಹೋದರೆ ಸಾಕು ಎಂಬ ಕಲ್ಪನೆ ನಮಗೆ ಕೊಂಚ ಅತಿಯಾಯಿತು ಎನಿಸಬಹುದು!

ಇವೆಲ್ಲ ಒಬ್ಬರೇ ಆಡುವ ಆಟಗಳು. ಸಾವಿರಾರು ಜನ ಒಂದೇ ಲೋಕದಲ್ಲಿ ಮನೆ ಕಟ್ಟತೊಡಗಿದಾಗ ಬೇರೊಂದು ತೊಂದರೆ ಎದುರಾಯಿತು. 1997ರ ಸೆಪ್ಟೆಂಬರಿನಲ್ಲಿ ಆರಂಭವಾದ ಅಲ್ಟಿಮಾ ಆನ್‌ಲೈನ್ ಆಟದಲ್ಲಿ ಖಾಲಿ ನೆಲಕ್ಕೆ ನಗರದ ಸೈಟುಗಳಷ್ಟೇ ಬರ. ಮನೆ ಕಟ್ಟಿ ಆಟ ಬಿಟ್ಟುಹೋದವರ ಮನೆಗಳು ನೆಲವನ್ನು ಆಕ್ರಮಿಸಿಕೊಂಡು ನಿಂತಿರುತ್ತಿದ್ದವು. ಆದ್ದರಿಂದ ಅಲ್ಲಿ ಮನೆಗಳಿಗೆ ಸವೆತ ಕಲ್ಪಿಸಿದರು. ಹೊಸದರಂತಿದೆ, ತುಸು ಸವೆದಿದೆ, ಬಹಳ ಸವೆದಿದೆ ಎಂದು ಮನೆಯ ಮುಂದಿನ ಫಲಕವೇ ಹೇಳುತ್ತಿತ್ತು. ಕೊನೆಯ ಹಂತ, ಬೀಳುವ ಅಪಾಯದಲ್ಲಿದೆ. ಮಾಲೀಕನೋ ಅವನ ಗೆಳೆಯನೋ ಬಂದು ಬಾಗಿಲು ತೆರೆದರೆ ಮನೆ ಮತ್ತೆ ಹೊಸದಾಗುತ್ತಿತ್ತು.

ಹಳ್ಳಿಯ ಮನೆಗೆ ಬೀಗ ಹಾಕಿ ಪಟ್ಟಣ ಸೇರಿದವರು ಪಕ್ಕದ ಮನೆಯವರ ಕೈಗೆ ಬೀಗದಕೈ ಕೊಟ್ಟು, ವಾರಕ್ಕೊಮ್ಮೆ ಕಸ ಹೊಡೆದು ದೀಪ ಹಚ್ಚಿ ಎಂದು ಕೇಳಿಕೊಳ್ಳುವುದಿಲ್ಲವೇ? ಹೆಚ್ಚು ಕಡಿಮೆ ಅದೇ ಏರ್ಪಾಡು. ಆದರೆ ಯಾರೂ ಬಾರದ ಮನೆ ಬೀಳುವ ದಿನ ಅದರ ಸುತ್ತ ಜನ ಮುತ್ತಿಕೊಂಡು, ಕುಸಿದ ಕೂಡಲೇ ಒಳಗಿನ ಸಾಮಾನು ದೋಚುವುದೇ ಒಂದು ಕಸುಬಾಯಿತು. ಮುಂದೆ ನಿಯಮ ಬದಲಾಗಿ, ಚಂದಾ ಕಟ್ಟುತ್ತಿರುವವರ ಮನೆ ತಾನಾಗಿಯೇ ಹೊಸದಾಗಿರುವಂತಾಯಿತು.

2013ರ ಕೊನೆಯಲ್ಲಿ ಬಂದ ರಸ್ಟ್ ಆಟದ ಹೆಸರೇ ತುಕ್ಕು. ಕಾಲಕ್ರಮದಲ್ಲಿ ಅದರಲ್ಲಿ ರೂಪುಗೊಂಡ ವ್ಯವಸ್ಥೆ ಮನೆಗಂದಾಯದಂತಿದೆ. ಮನೆಯೊಳಗಿನ ಒಂದು ಪೆಟ್ಟಿಗೆಯಲ್ಲಿ ಮರ, ಕಲ್ಲು, ಲೋಹ ತುಂಬಿಡಬೇಕು. ಹೊತ್ತು ಕಳೆದಂತೆ ಅದರಿಂದ ಕಡಿತವಾಗುತ್ತದೆ. ಪೆಟ್ಟಿಗೆ ಬರಿದಾದರೆ ಮನೆ ಶಿಥಿಲವಾಗತೊಡಗುತ್ತದೆ. ಮೊದಲು ಕಡ್ಡಿಯ ಗೋಡೆ, ನಂತರ ಮರ, ಆಮೇಲೆ ಕಲ್ಲು, ಕೊನೆಗೆ ಲೋಹ. ಮನೆ ದೊಡ್ಡದಾದಷ್ಟು ದರವೂ ಏರುತ್ತದೆ. 2021ರ ವಾಲ್ಹೈಮ್ ಇನ್ನಷ್ಟು ಉದಾರಿ. ಸೂರಿಲ್ಲದ ಮರದ ಗೋಡೆ ಮಳೆಗೆ ನೆನೆದು ಅರ್ಧ ಬಲ ಕಳೆದುಕೊಳ್ಳುತ್ತದೆ, ಆದರೆ ಮಳೆಯೊಂದರಿಂದಲೇ ಬೀಳುವುದಿಲ್ಲ. ಸುತ್ತಿಗೆ ಹಿಡಿದು ಬಡಿದರೆ ಪುಕ್ಕಟೆ ದುರಸ್ತಿ. ಮಳೆಗಾಲಕ್ಕೆ ಮುನ್ನ ಮಣ್ಣಿನ ಗೋಡೆಗೆ ತೆಂಗಿನ ಗರಿಯ ತಟ್ಟಿ ಕಟ್ಟುವ ಕರಾವಳಿಯವರು ಈ ಆಟವನ್ನು ಚೆನ್ನಾಗಿಯೇ ಆಡಿಯಾರು.

ಇಷ್ಟೆಲ್ಲ ಪ್ರಯೋಗಗಳ ನಂತರವೂ, ಸುಮ್ಮನೆ ಕಟ್ಟುವ ಖುಷಿಗೆಂದೇ ಇರುವ ಆಟಗಳಿಗೆ ಸವೆತ ಅಷ್ಟಾಗಿ ಬಂದಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಪರೀಕ್ಷೆಗೆಂದು ಎರಡು ತಿಂಗಳು ಆಟ ಬಿಟ್ಟ ಹುಡುಗ ಮರಳಿ ಬಂದಾಗ ಅವನ ಅರಮನೆ ಬಿದ್ದುಹೋಗಿದ್ದರೆ ಅವನು ಇನ್ನೊಂದು ಅರಮನೆ ಕಟ್ಟುವುದಿಲ್ಲ, ಆಟವನ್ನೇ ಬಿಡುತ್ತಾನೆ. ಗಡಿಯಾರ ನೋಡಿಕೊಂಡು ಸಂಖ್ಯೆಯೊಂದನ್ನು ಇಳಿಸುತ್ತಾ ಹೋಗುವ ಸವೆತ ದಂಡದಂತೆ ಕಾಣುತ್ತದೆ. ಈ ಲೆಕ್ಕವೇ ತಪ್ಪೆಂದು ನನಗನ್ನಿಸುತ್ತದೆ. ಕಾಲ ಕಳೆದ ಮಾತ್ರಕ್ಕೆ ಏನೂ ಬೀಳುವುದಿಲ್ಲ.

ಕಾಲವೊಂದೇ ಕೆಡವುವುದಿಲ್ಲ

ಯಲಹಂಕ ನಾಡಪ್ರಭುಗಳ ವಂಶದ ಕೆಂಪೇಗೌಡರು 1537ರಲ್ಲಿ ಬೆಂಗಳೂರಿನ ಕೋಟೆ ಕಟ್ಟಿಸಿದಾಗ ಅದು ಮಣ್ಣಿನದು. ಮಣ್ಣಿನ ಗೋಡೆಯೆಂದರೆ ಪ್ರತಿ ಮಳೆಗಾಲದ ನಂತರವೂ ಕೆಲಸ. ಕೊರಕಲು ಮುಚ್ಚಬೇಕು, ಕುಸಿದ ಅಂಚನ್ನು ಮೆತ್ತಬೇಕು, ಬೇರು ಬಿಟ್ಟ ಗಿಡ ಕೀಳಬೇಕು. ಅಷ್ಟು ಮಾಡುವವರಿದ್ದರೆ ಮಣ್ಣೂ ಶತಮಾನಗಳ ಕಾಲ ನಿಲ್ಲುತ್ತದೆ. 1761ರಲ್ಲಿ ಹೈದರಾಲಿ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿದ. 1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸನ ಫಿರಂಗಿಗಳು ಅದನ್ನು ಭೇದಿಸಿದವು. ಇಂದು ಕೃಷ್ಣರಾಜೇಂದ್ರ ಮಾರುಕಟ್ಟೆಯ ಬಳಿ ಉಳಿದಿರುವುದು ದೆಹಲಿ ಬಾಗಿಲು ಮತ್ತು ಅದರ ಅಕ್ಕಪಕ್ಕದ ಒಂದಿಷ್ಟು ಗೋಡೆ. ಮಿಕ್ಕಿದ್ದನ್ನು ಕೆಡವಿದ್ದು ಮಳೆಯೂ ಅಲ್ಲ ಫಿರಂಗಿಯೂ ಅಲ್ಲ. ರಸ್ತೆಗೆ, ಕಟ್ಟಡಕ್ಕೆ ಜಾಗ ಬೇಕೆಂದು ಊರಿನ ಆಡಳಿತಗಳೇ ಒಡೆಸಿದವು.

ಹಂಪಿಯ ಕಥೆ ಇನ್ನೂ ಸೂಕ್ಷ್ಮ. 1565ರ ಯುದ್ಧದ ನಂತರ ವಿಜಯನಗರ ಪಾಳುಬಿತ್ತೆಂದು ಶಾಲೆಯಲ್ಲಿ ಓದಿದ್ದೇವೆ. ರಾಜರ ಆವರಣದಲ್ಲಿ ಇಂದು ಕಾಣುವುದು ಕಲ್ಲಿನ ಜಗತಿಗಳು ಮಾತ್ರ. ಅವುಗಳ ಮೇಲಿದ್ದ ಮರದ ಅರಮನೆಗಳು ಹೋದವು, ಕಲ್ಲು ನಿಂತಿತು. ಇಲ್ಲಿಯವರೆಗೂ ಆಟದ ಲೆಕ್ಕ ಸರಿ. ಆದರೆ ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ನೋಡಿ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯ ಚಿತ್ರ ತೆಗೆದ. ಅದರಲ್ಲಿ ರಥದ ಮೇಲೆ ಇಟ್ಟಿಗೆಯ ಗೋಪುರವಿದೆ! ಯುದ್ಧವಾಗಿ ಮುನ್ನೂರು ವರ್ಷಗಳಾದರೂ ನಿಂತಿದ್ದ ಆ ಗೋಪುರ ಆಮೇಲೆ ಇಲ್ಲವಾಯಿತು. 2017ರಿಂದ ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ನಾವು ನೋಡುತ್ತಿರುವುದು ತಲೆಯಿಲ್ಲದ ರಥವನ್ನು. ಅದೇ ಅದರ ಮೂಲರೂಪವೆಂದು ನಾನೂ ಬಹುಕಾಲ ತಿಳಿದಿದ್ದೆ.

ಗಾರೆಯ ಗೋಪುರಗಳು ಹಾಳಾಗುವ ಕ್ರಮವನ್ನು ಯಾವ ಹಳೆಯ ಗುಡಿಯಲ್ಲಾದರೂ ಕಾಣಬಹುದು. ಹಕ್ಕಿ ಅರಳಿಯ ಹಣ್ಣು ತಿಂದು ಬೀಜವನ್ನು ಸಂದಿಯಲ್ಲಿ ಬೀಳಿಸುತ್ತದೆ. ಮೊಳಕೆಯ ಬೇರು ಬಿರುಕಿಗೆ ಇಳಿಯುತ್ತದೆ. ಬಿರುಕಿಗೆ ನೀರು ಸೇರುತ್ತದೆ. ಮೊದಲ ವರ್ಷ ಬೆರಳಿನಿಂದ ಕಿತ್ತು ಎಸೆಯಬಹುದಾದ ಗಿಡವನ್ನು ಇಪ್ಪತ್ತು ವರ್ಷದ ನಂತರ ಕೀಳಲು ಹೋದರೆ ಗೋಪುರವೇ ಜೊತೆಗೆ ಬರುತ್ತದೆ. ಆ ಮೊದಲ ವರ್ಷ ಅಲ್ಲಿಗೆ ಹತ್ತುವವರು ಯಾರು, ಅವರಿಗೆ ಕೂಲಿ ಯಾರು ಕೊಡುತ್ತಾರೆ ಎಂಬುದರ ಮೇಲೆ ಗೋಪುರದ ಆಯುಷ್ಯ ನಿಂತಿದೆ.

ಎರಡರಷ್ಟು ಪುಣ್ಯ

ಈ ಪ್ರಶ್ನೆಯನ್ನು ನಮ್ಮ ಶಾಸನಗಳು ಕಟ್ಟುವ ದಿನವೇ ಕೇಳಿಕೊಂಡಿದ್ದವು. ದೇವಾಲಯಗಳಿಗೆ ದತ್ತಿ ಬಿಟ್ಟ ಶಾಸನಗಳಲ್ಲಿ ನೈವೇದ್ಯ, ನಂದಾದೀಪ, ಅಂಗಭೋಗ, ರಂಗಭೋಗಗಳ ಜೊತೆ ಮತ್ತೆ ಮತ್ತೆ ಬರುವ ಒಂದು ಬಾಬ್ತು ಇದೆ: ಖಂಡಸ್ಫುಟಿತ ಜೀರ್ಣೋದ್ಧಾರ. ಮುರಿದದ್ದು, ಬಿರುಕುಬಿಟ್ಟದ್ದು, ಜೀರ್ಣವಾದದ್ದನ್ನು ಸರಿಪಡಿಸುವುದು ಎಂದರ್ಥ. ಗುಡಿಯ ಕಲ್ಲಿನ್ನೂ ಹೊಸದಾಗಿ ಹೊಳೆಯುತ್ತಿರುವಾಗಲೇ, ಮುಂದೆ ಬೀಳಲಿರುವ ಬಿರುಕಿಗೆ ಇಂಥ ಗದ್ದೆಯ ಆದಾಯ ಎಂದು ಬರೆದಿಟ್ಟರು. ರಸ್ಟ್ ಆಟದ ಪೆಟ್ಟಿಗೆಯನ್ನು ನೋಡಿ ನನಗೆ ನೆನಪಾದದ್ದು ಇದೇ.

ಕೆರೆಗಳ ವಿಷಯದಲ್ಲಿ ಏರ್ಪಾಡು ಇನ್ನೂ ವಿವರವಾಗಿತ್ತು. ಕೆರೆ ಕಟ್ಟಿಸಿದವನಿಗೂ ಅದನ್ನು ನೋಡಿಕೊಳ್ಳುವವನಿಗೂ ಅದೇ ಕೆರೆಯ ಕೆಳಗೆ ಕೊಡುತ್ತಿದ್ದ ಭೂಮಿ ಕಟ್ಟುಕೊಡಗೆ. ಕೆರೆಯ ದುರಸ್ತಿಗೆಂದು ತೆಗೆದಿಟ್ಟ ಭೂಮಿ ಅಥವಾ ಬೆಳೆಯ ಪಾಲು ಬಿತ್ತುವಟ್ಟ. ದಶವಂದವೆಂಬುದೂ ಇದೇ ಬಳಗದ್ದು. ಹೂಳೆತ್ತುವ ಬಂಡಿಯ ಖರ್ಚಿಗೂ ದತ್ತಿ ಬಿಟ್ಟ ಶಾಸನಗಳಿವೆ. ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚಲು ನೀರಗಂಟಿ. ಇದರಲ್ಲಿನ ಜಾಣತನ ಗಮನಿಸಿ. ಕೆರೆ ನೋಡಿಕೊಳ್ಳುವವನ ಗದ್ದೆ ಅದೇ ಕೆರೆಯ ನೀರಿನಿಂದ ಬೆಳೆಯಬೇಕು. ಏರಿ ಒಡೆದರೆ ಮೊದಲು ಒಣಗುವುದು ಅವನದೇ ಅನ್ನ.

ಇಂದಿನ ಆಂಧ್ರಪ್ರದೇಶದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯ 1369ರ ಶಾಸನವಂತೂ ಒಂದು ಎಂಜಿನಿಯರಿಂಗ್ ಪಾಠ. ಸಾವಿರ ಜನ ಕೂಲಿಗಳು, ನೂರು ಬಂಡಿ, ಎರಡು ವರ್ಷ ಎಂದು ಲೆಕ್ಕ ಕೊಟ್ಟು, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರಬಹುದಾದ ಆರು ದೋಷಗಳನ್ನೂ ಅದು ಪಟ್ಟಿಮಾಡುತ್ತದೆ. ಏರಿಯಿಂದ ನೀರು ಒಸರುವುದು ಒಂದು ದೋಷ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದು ಇನ್ನೊಂದು! ಬಿರುಕು ಮಣ್ಣಿನಲ್ಲಷ್ಟೇ ಹುಟ್ಟುವುದಿಲ್ಲ, ಯಾರದೆಂದು ತಿಳಿಯದ ಜವಾಬ್ದಾರಿಯಲ್ಲಿಯೂ ಹುಟ್ಟುತ್ತದೆ ಎಂಬುದು ಆ ಶಾಸನ ಬರೆದವರಿಗೆ ಗೊತ್ತಿತ್ತು. ಎರಡು ಇಲಾಖೆಗಳ ನಡುವೆ ಸಿಕ್ಕಿಕೊಂಡ ಬೆಂಗಳೂರಿನ ಕೆರೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶಾಸನಗಳ ಕೊನೆಗೆ ಬರುವ ಶಾಪದ ಮಾತು ಎಲ್ಲರಿಗೂ ಗೊತ್ತು. ದತ್ತಿ ಕೆಡಿಸಿದವನಿಗೆ ವಾರಣಾಸಿಯಲ್ಲಿ ಕಪಿಲೆ ಹಸುಗಳನ್ನು ಕೊಂದ ಪಾಪ. ಅದರ ಪಕ್ಕದಲ್ಲೇ ಬರುವ ಇನ್ನೆರಡು ಮಾತುಗಳು ಅಷ್ಟು ಪ್ರಸಿದ್ಧವಲ್ಲ. ದಾನ ಮತ್ತು ಪಾಲನೆ ಇವೆರಡರಲ್ಲಿ ಪಾಲನೆಯೇ ಮೇಲು ಎಂಬುದು ಒಂದು. ತಾನು ಕೊಟ್ಟದ್ದಕ್ಕಿಂತ ಇನ್ನೊಬ್ಬರು ಕೊಟ್ಟದ್ದನ್ನು ಕಾಪಾಡಿದರೆ ಎರಡರಷ್ಟು ಪುಣ್ಯ ಎಂಬುದು ಮತ್ತೊಂದು. ಆಟದ ಭಾಷೆಯಲ್ಲಿ ಹೇಳುವುದಾದರೆ ಹೊಸದು ಕಟ್ಟಿದವನಿಗೆ ಒಂದು ಅಂಕ, ಬೇರೆಯವರು ಕಟ್ಟಿದ್ದನ್ನು ದುರಸ್ತಿ ಮಾಡಿದವನಿಗೆ ಎರಡು. ನಾನು ಮೇಲೆ ಹೆಸರಿಸಿದ ಯಾವ ಆಟದಲ್ಲಿಯೂ ಈ ನಿಯಮವಿಲ್ಲ. ಅವುಗಳಲ್ಲಿ ದುರಸ್ತಿಯೆಂದರೆ ನಷ್ಟ ತಪ್ಪಿಸಿಕೊಳ್ಳುವುದು, ಅದರಿಂದ ಗಳಿಕೆಯಿಲ್ಲ.

ಈ ವ್ಯವಸ್ಥೆ ಎಷ್ಟು ನೆಲವನ್ನು ಆವರಿಸಿತ್ತೆಂದರೆ, 1866ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಸ್ಯಾಂಕಿ ಈ ರಾಜ್ಯದ ಶೇ 60ರಷ್ಟು ಭೂಭಾಗ ಕೆರೆಗಳ ಸರಣಿಗೆ ಒಳಪಟ್ಟಿದೆಯೆಂದೂ, ಹೊಸ ಕೆರೆಗೆ ಜಾಗ ಹುಡುಕಲು ಬಹಳ ಜಾಣ್ಮೆ ಬೇಕಾದೀತೆಂದೂ ಬರೆದ. ಮುಂದೆ 1882ರಲ್ಲಿ ಆತನೇ ಬೆಂಗಳೂರಿನಲ್ಲಿ ಜಾಗ ಹುಡುಕಿ ತನ್ನ ಹೆಸರು ಹೊತ್ತ ಕೆರೆ ಕಟ್ಟಿಸಿದ್ದು ಬೇರೆ ಮಾತು. ಊರಿನ ಕೈಯಲ್ಲಿದ್ದ ಪಾಲನೆ ಮೆಲ್ಲಗೆ ಸರ್ಕಾರದ ಇಲಾಖೆಗಳ ಪಾಲಾಯಿತು. ನೀರು ಕೊಳವೆಯಲ್ಲಿ ಬರತೊಡಗಿದ ಮೇಲೆ ಕೆರೆಯ ಕೆಳಗಿನ ಗದ್ದೆಗಳೂ ಬಡಾವಣೆಗಳಾದವು. ಗದ್ದೆಯೇ ಇಲ್ಲದ ಕೆರೆಗೆ ಬಿತ್ತುವಟ್ಟ ಎಲ್ಲಿಂದ ಬರಬೇಕು?

ನಮ್ಮ ಪುಟ್ಟೇನಹಳ್ಳಿ ಕೆರೆ ಈಗ ಗದ್ದೆಗಾಗಿ ಇರುವುದಲ್ಲ. 2015ರಲ್ಲಿ ಸರ್ಕಾರ ಅದನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಇದರಿಂದ ಸವೆತದ ಲೆಕ್ಕ ಮತ್ತೂ ತೊಡಕಾಗಿದೆ. ರೈತನಿಗೆ ಹೂಳು ಶತ್ರು. ಕೆಸರಿನಲ್ಲಿ ಕಾಲಿಟ್ಟು ಹುಳು ಹೆಕ್ಕುವ ಉದ್ದ ಕಾಲಿನ ಹಕ್ಕಿಗೆ ಹೂಳು ತುಂಬಿದ ಆಳವಿಲ್ಲದ ಅಂಚೇ ಊಟದ ಎಲೆ. ಜೊಂಡು ಬೆಳೆದ ಕೆರೆ ನಮಗೆ ಪಾಳು, ಅದರೊಳಗೆ ಮೊಟ್ಟೆಯಿಡುವ ನೀರುಕೋಳಿಗೆ ಮನೆ. ಇಡೀ ಕೆರೆಯನ್ನು ಯಂತ್ರ ಇಳಿಸಿ ಬಟ್ಟಲಿನಂತೆ ತೋಡಿ, ಸುತ್ತ ಕಾಲುದಾರಿ ಮಾಡಿದರೆ ನಮ್ಮ ಕಣ್ಣಿಗೆ ಜೀರ್ಣೋದ್ಧಾರ, ಹಕ್ಕಿಗೆ ಮನೆ ಕಳೆದುಕೊಂಡಂತೆ. ಹಾಗೆಂದು ಬಡಾವಣೆಯ ಕೊಳಚೆ ನೀರು ಯಾವ ಹಕ್ಕಿಗೂ ಹಿತವಲ್ಲ. ಎಷ್ಟು ಹಳೆಯದಾಗಲು ಬಿಡಬೇಕು, ಎಲ್ಲಿ ಕೈ ಹಾಕಬೇಕು ಎಂದು ತೀರ್ಮಾನಿಸಲು ಕೆರೆಯನ್ನು ದಿನವೂ ನೋಡುವ ಕಣ್ಣು ಬೇಕು.

ಆಟದ ಲೋಕ ಮತ್ತು ನಮ್ಮ ಲೋಕ ಎರಡೂ ಒಂದೆಡೆ ಸೇರುವ ಪ್ರಸಂಗವೊಂದು ಇಲ್ಲಿಗೆ ಹತ್ತಿರದ ಹೆಬ್ಬಾಳದಲ್ಲಿಯೇ ಇದೆ. 2018ರಲ್ಲಿ ಅಲ್ಲಿ ನೆಲ ಅಗೆಯುವಾಗ ಕಿತ್ತಯ್ಯನೆಂಬ ವೀರನ ಕಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು, ಬೆಂಗಳೂರಿನಲ್ಲಿ ದೊರೆತ ಕನ್ನಡ ಶಾಸನಗಳಲ್ಲಿ ಅತ್ಯಂತ ಹಳೆಯದೆಂದು ವಿದ್ವಾಂಸರು ಗುರುತಿಸಿದ್ದಾರೆ. ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೇ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳ ಪಾಠವಿದೆ. ಅದರಲ್ಲಿ ದಾಖಲಾದ ಹಲವು ಕಲ್ಲುಗಳು ಇಂದು ಇದ್ದ ಜಾಗದಲ್ಲಿಲ್ಲ. ಉಳಿದವನ್ನಾದರೂ ದಾಖಲಿಸಲೆಂದು 2021ರಿಂದ ಮಿಥಿಕ್ ಸೊಸೈಟಿ ಮೂರು ಆಯಾಮದ ಸ್ಕ್ಯಾನಿಂಗ್ ಕೈಗೊಂಡಿದೆ. ಸವೆದ ಅಕ್ಷರದ ತಗ್ಗುದಿಣ್ಣೆಗಳೆಲ್ಲ ಕಂಪ್ಯೂಟರಿಗೆ ಇಳಿಯುತ್ತವೆ. ಪರದೆಯ ಮೇಲೆ ಬೇಕಾದ ಓರೆಯಿಂದ ಬೆಳಕು ಬಿಟ್ಟು, ಬರಿಗಣ್ಣಿಗೆ ಕಾಣದ ಗೆರೆಯನ್ನೂ ಓದಲು ಯತ್ನಿಸಬಹುದು. ಸ್ಕ್ಯಾನ್ ಆದ ದಿನದಿಂದ ಆ ಪ್ರತಿಯ ಮಟ್ಟಿಗೆ ಕಾಲ ನಿಂತಂತೆ, ಹುಡುಗನ ಕೆರೆಯ ಹಾಗೆ. ಬಯಲಿನಲ್ಲಿರುವ ಕಲ್ಲಿಗೆ ಮಾತ್ರ ಮಳೆ, ಬಿಸಿಲು, ಎಣ್ಣೆ, ಅರಿಶಿನ ಕುಂಕುಮ, ಅಪರೂಪಕ್ಕೊಮ್ಮೆ ಸುಣ್ಣವೂ ಬೀಳುತ್ತಲೇ ಇರುತ್ತವೆ.

ಇದನ್ನೆಲ್ಲ ಕೇಳಿಸಿಕೊಂಡ ಹುಡುಗ ಮತ್ತವನ ಮೂವರು ಗೆಳೆಯರು ತಮ್ಮದೇ ಏರ್ಪಾಡು ಮಾಡಿಕೊಂಡರು. ಭಾನುವಾರಕ್ಕೊಬ್ಬ ಕಾಲನ ಪಾತ್ರ ವಹಿಸುತ್ತಾನೆ. ದಾಳ ಹಾಕಿ, ಬಿದ್ದಷ್ಟು ಬುಟ್ಟಿ ಜಲ್ಲಿಯನ್ನು ಕೆರೆಗೆ ಸುರಿಯುತ್ತಾನೆ; ಆ ಆಟದಲ್ಲಿ ಜಲ್ಲಿ ತೇಲದೆ ತಳ ಸೇರುವುದರಿಂದ ಅದೇ ಹೂಳು. ಏರಿಯಲ್ಲಿ ಎರಡು ತೂತು ಮಾಡುತ್ತಾನೆ. ಉಳಿದ ಮೂವರು ಸರಿಪಡಿಸಬೇಕು. ತನ್ನ ಪಾಲಿನ ಏರಿ ಸರಿಮಾಡಿದರೆ ಒಂದು ಅಂಕ, ಬೇರೆಯವನದನ್ನು ಸರಿಮಾಡಿದರೆ ಎರಡು. ಶಾಸನದ ನಿಯಮ ಹಿಡಿಸಿತೆಂದು ತೋರುತ್ತದೆ. ಮೊದಲ ಭಾನುವಾರವೇ ಮೂವರೂ ಪರಸ್ಪರರ ತೂತು ಮುಚ್ಚಲು ಓಡಿ, ಯಾರೂ ತಮ್ಮದನ್ನು ಮುಟ್ಟದೆ ಜಗಳವಾಯಿತಂತೆ.

ಮೂರನೆಯ ವಾರ ಶಾಲೆಯಲ್ಲಿ ಕಿರುಪರೀಕ್ಷೆ. ಕಾಲ ತಪ್ಪದೆ ಬಂದು ಜಲ್ಲಿ ಸುರಿದು ಹೋದ, ದುರಸ್ತಿಗೆ ಯಾರೂ ಬರಲಿಲ್ಲ. ಮುಂದಿನ ವಾರ ನೋಡಿದರೆ ಕೋಡಿ ಮುಚ್ಚಿಹೋಗಿತ್ತು. ತಾತನಿಗೆ ಸುದ್ದಿ ಮುಟ್ಟಿತು.

"ನೀರಗಂಟಿ ಯಾರೋ ನಿಮ್ಮ ಕೆರೆಗೆ?"

"ಯಾರೂ ಇಲ್ಲ ತಾತ."

"ಮತ್ತೆ? ನನ್ನ ಹಾಕ್ಕೊಳ್ರೋ. ನಂಗೇನು ಪರೀಕ್ಷೆ ಇಲ್ಲ."

ತಾತನ ಹೆಸರಿನಲ್ಲಿ ಆಟದೊಳಗೆ ಒಂದು ಗೊಂಬೆ ತಯಾರಾಗಿದೆ. ಅದಕ್ಕೆ ಬಿಳಿ ಪೇಟ ಬೇಕೆಂದು ಅವರು ಪಟ್ಟು ಹಿಡಿದಿದ್ದಾರೆ. ಮೌಸ್ ಹಿಡಿಯುವ ಕೈ ಇನ್ನೂ ಸ್ವಲ್ಪ ನಡುಗುತ್ತದೆ. ಹೋದ ಭಾನುವಾರ ಜಲ್ಲಿಯ ಬದಲು ಏರಿಯನ್ನೇ ನಾಲ್ಕು ಕಡೆ ಅಗೆದುಬಿಟ್ಟರಂತೆ.